ಗೇರ್‌ಬಾಕ್ಸ್ ಕೆಳಗಿಳಿದಾಗಲೇ



ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹೋಗಿದೆ, ಬಿಚ್ಚಿ ಬೇರೆಯದನ್ನು ಕೂರಿಸಬೇಕು ಎಂದು ಮೆಕ್ಯಾನಿಕ್ ಹೇಳಿದ ದಿನ ಮನೆಯಲ್ಲಿ ನಡೆಯುವ ಮಾತೆಲ್ಲ ದುಡ್ಡಿನದೇ. ಹೊಸದಾದರೆ ಎಷ್ಟು, ಹಳೆಯದು ಸಿಕ್ಕಿದರೆ ಎಷ್ಟು, ಕಾರನ್ನೇ ಕೊಟ್ಟುಬಿಟ್ಟರೆ ಹೇಗೆ? ಈ ಲೆಕ್ಕಾಚಾರದಲ್ಲಿ ಯಾರ ಬಾಯಿಗೂ ಬರದ ಸಾಮಾನು ಒಂದಿದೆ. ಅದು ಆಯಿಲ್ ಸೀಲ್. ಕೈಬಳೆಯಷ್ಟು ಅಗಲದ ಉಕ್ಕಿನ ಉಂಗುರ, ಅದರ ಒಳಅಂಚಿಗೆ ರಬ್ಬರಿನ ತುಟಿ, ತುಟಿಯ ಹಿಂದೆ ಕೂದಲೆಳೆಯಂಥ ಸ್ಪ್ರಿಂಗು. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಜೋಡಿಸುವ ಮೊದಲು, ಅದಿನ್ನೂ ಬೆಂಚಿನ ಮೇಲಿರುವಾಗಲೇ, ಹೊರಗಿನಿಂದ ಕೈಗೆಟಕುವ ಸೀಲುಗಳನ್ನೆಲ್ಲ ಹೊಸದಾಗಿ ಹಾಕಿಸಿ. ಈಗ ಸೋರುತ್ತಿದ್ದರೂ ಸರಿ, ಸೋರದಿದ್ದರೂ ಸರಿ. ಇವತ್ತು ಇಷ್ಟನ್ನು ಹೇಳಬೇಕೆಂದೇ ಬಂದಿದ್ದೇನೆ.

ನಾನಿರುವುದು ಚೆನ್ನೈನ ಅಡ್ಯಾರಿನಲ್ಲಿ. ಇಲ್ಲಿ ಹಳೆಯ ಗೇರ್‌ಬಾಕ್ಸ್ ಬೇಕಾದವರು ಪುದುಪೇಟೆಗೆ ಹೋಗುತ್ತಾರೆ. ಬಿಚ್ಚಿದ ಕಾರುಗಳ ಬಾಗಿಲು, ಬಾನೆಟ್ಟು, ಎಂಜಿನ್ನು ಎಲ್ಲ ಆ ಓಣಿಗಳಲ್ಲಿ ರಾಶಿ ಬಿದ್ದಿರುತ್ತವೆ. ಹೊಸ ಬಿಡಿಭಾಗ ಬೇಕಾದರೆ ಜನರಲ್ ಪ್ಯಾಟರ್ಸ್ ರಸ್ತೆ. ಬೆಂಗಳೂರಿನ ಕೇಳುಗರಿಗೆ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆ ಎಂದರೆ ಚಿತ್ರ ಸಿಕ್ಕೀತು. ಪುದುಪೇಟೆಯಲ್ಲಿ ಸಿಗುವ ಗೇರ್‌ಬಾಕ್ಸ್ ಎಷ್ಟು ಓಡಿದೆಯೋ, ಎಷ್ಟು ತಿಂಗಳು ಎಣ್ಣೆಯಿಲ್ಲದೆ ಒಣಗಿ ಕೂತಿದೆಯೋ ಹೊರಗಿನಿಂದ ನೋಡಿ ಹೇಳಲಾಗದು. ಒಳಗಿನ ಹಲ್ಲುಚಕ್ರಗಳು ಉಕ್ಕಿನವು, ಕಾಯುತ್ತವೆ. ರಬ್ಬರ್ ಕಾಯುವುದಿಲ್ಲ. ಒಂದೇ ಭಂಗಿಯಲ್ಲಿ ಶಾಫ್ಟಿಗೆ ಒತ್ತಿಕೊಂಡು ಕೂತ ತುಟಿ ಆ ಆಕಾರಕ್ಕೇ ಸೆಟೆದುಕೊಳ್ಳುತ್ತದೆ. ಸಮುದ್ರದ ಉಪ್ಪುಗಾಳಿಗೆ ಒಣಗಿದ ಶಾಫ್ಟಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಮತ್ತೆ ಗಾಡಿ ಓಡಿದಾಗ ಆ ಚುಕ್ಕೆ ಅರದಂತೆ ತುಟಿಯನ್ನು ತಿನ್ನುತ್ತದೆ.

ನಮ್ಮ ಬಡಾವಣೆಯ ಗ್ಯಾರೇಜೊಂದರ ಮೆಕ್ಯಾನಿಕ್ ಹೊಸೂರು ಕಡೆಯವರು, ಮನೆಮಾತು ಕನ್ನಡ. ಒಮ್ಮೆ ನೆರೆಯವರೊಬ್ಬರ ಕಾರಿಗೆ ಹಳೆಯ ಗೇರ್‌ಬಾಕ್ಸ್ ತಂದು ಇಳಿಸಿದ್ದರು. ಮಾಲೀಕರಿಗೆ ಫೋನ್ ಮಾಡಿದಾಗ ನಾನು ಅಲ್ಲೇ ಇದ್ದೆ.

"ಸಾರ್, ಬಾಕ್ಸ್ ಇನ್ನೂ ಕೆಳಗೇ ಇದೆ. ಸೀಲೆಲ್ಲ ಹೊಸದು ಹಾಕಿಬಿಡ್ಲಾ?"

"ಲೀಕ್ ಇದೆಯೇನಪ್ಪಾ?"

"ಈಗೇನೂ ಕಾಣ್ತಿಲ್ಲ ಸಾರ್."

"ಮತ್ಯಾಕಪ್ಪ ಸುಮ್ನೆ ಖರ್ಚು? ಲೀಕ್ ಆದಾಗ ನೋಡೋಣ, ಬಿಡು."

ಆ ಮಾಲೀಕರು ಜಿಪುಣರಲ್ಲ, ತಿಳಿಗೇಡಿಯೂ ಅಲ್ಲ. ಕೆಟ್ಟಾಗ ಮಾಡಿಸೋಣ ಎಂಬುದು ನಲ್ಲಿಗೆ, ಫ್ಯಾನಿಗೆ, ಕಾರಿನ ಹೆಡ್‌ಲೈಟಿಗೆ ಸರಿಯಾದ ನೀತಿಯೇ. ಅಲ್ಲೆಲ್ಲ ಕೈ ಹಾಕಿದರೆ ವಸ್ತು ಸಿಗುತ್ತದೆ. ಗೇರ್‌ಬಾಕ್ಸಿನ ಮುಂದಿನ ಸೀಲು ಹಾಗೆ ಸಿಗುವುದಿಲ್ಲ. ಅದನ್ನು ತಲುಪಬೇಕಾದರೆ ಎಂಜಿನ್ನನ್ನು ಮೇಲಿನಿಂದ ತೂಗುಹಾಕಿ, ಚಕ್ರಗಳಿಗೆ ಹೋಗುವ ಎರಡೂ ಡ್ರೈವ್ ಶಾಫ್ಟ್ ಎಳೆದು, ಕೆಲವು ಗಾಡಿಗಳಲ್ಲಿ ಕೆಳಗಿನ ಸಬ್‌ಫ್ರೇಮನ್ನೂ ಇಳಿಸಿ, ಇಡೀ ಗೇರ್‌ಬಾಕ್ಸನ್ನು ಹೊರಗೆ ತರಬೇಕು. ಆ ಕಾರಿಗೆ ಮುಂದಿನ ಮಳೆಗಾಲದೊಳಗೇ ಹಾಗಾಯಿತು. ಪಾರ್ಕಿಂಗ್ ಜಾಗದಲ್ಲಿ ಕೆಂಪು ಎಣ್ಣೆಯ ಹನಿ ಕಂಡಿತು. ಮೊದಲ ಸಲ ಮಾಡಿದ ಕೆಲಸವನ್ನೆಲ್ಲ ಎರಡನೆಯ ಸಲ ಮಾಡಬೇಕಾಯಿತು. ಸೀಲಿನ ಬೆಲೆ ಕೆಲವು ನೂರು ರೂಪಾಯಿ. ಕೂಲಿ ಅದರ ಹತ್ತಾರು ಪಟ್ಟು.

ಈ ಸೀಲು ಎಲ್ಲಿದೆ, ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನ ಬಗ್ಗೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮಲ್ಲಿ ಹರಡಿದ ಎಎಂಟಿ ಬೇರೆ ಜಾತಿ. ಅದರಲ್ಲಿರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನಷ್ಟೇ ಯಂತ್ರಕ್ಕೆ ವಹಿಸಿದ್ದಾರೆ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಎಣ್ಣೆಯೇ ಕೊಂಡಿ. ಎಂಜಿನ್ ತಿರುಗಿಸುವ ರೆಕ್ಕೆಚಕ್ರ ಎಣ್ಣೆಯನ್ನು ಬೀಸಿ ಎಸೆಯುತ್ತದೆ, ಎದುರಿನ ರೆಕ್ಕೆಚಕ್ರ ಆ ಹೊಡೆತಕ್ಕೆ ತಿರುಗುತ್ತದೆ. ಜರ್ಮನಿಯ ಹೆರ್ಮನ್ ಫೊಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಪೇಟೆಂಟ್ ಮಾಡಿಸಿದ ಉಪಾಯವಿದು. ಎಣ್ಣೆಯ ಕೊಂಡಿಯುಳ್ಳ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಜನರಲ್ ಮೋಟರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಹೈಡ್ರಾ-ಮ್ಯಾಟಿಕ್ ಎಂಬ ಹೆಸರಿನಿಂದ ಜನಕ್ಕೆ ಮಾರಿತು. ಅಲ್ಲಿಂದ ಈಚೆಗೆ ಈ ಯಂತ್ರ ಎಷ್ಟೋ ಬದಲಾಗಿದೆ. ಆದರೆ ಎಣ್ಣೆ ಒಳಗೇ ಉಳಿದರೆ ಮಾತ್ರ ಕಾರು ನಡೆಯುತ್ತದೆ ಎಂಬುದು ಬದಲಾಗಿಲ್ಲ. ಅದೇ ಎಣ್ಣೆ ಬಲವನ್ನು ದಾಟಿಸುತ್ತದೆ, ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುತ್ತದೆ, ಬಿಸಿಯನ್ನು ಹೊತ್ತೊಯ್ಯುತ್ತದೆ.

ಟಾರ್ಕ್ ಕನ್ವರ್ಟರಿನ ಕುತ್ತಿಗೆ ಗೇರ್‌ಬಾಕ್ಸಿನ ಎಣ್ಣೆಪಂಪಿನೊಳಗೆ ಹೊಕ್ಕು ತಿರುಗುವ ಜಾಗದಲ್ಲಿ ಮುಂದಿನ ಸೀಲು ಕೂತಿರುತ್ತದೆ. ಎಂಜಿನ್ ಓಡುವಷ್ಟು ಹೊತ್ತೂ ಅದರ ತುಟಿಯ ಮೇಲೆ ಉಕ್ಕು ಸುತ್ತುತ್ತಲೇ ಇರುತ್ತದೆ. ತುಟಿ ಉಕ್ಕಿಗೆ ನೇರವಾಗಿ ತಾಗಿದರೆ ಸುಟ್ಟುಹೋಗುತ್ತದೆ. ಎರಡರ ನಡುವೆ ಎಣ್ಣೆಯದೇ ಒಂದು ತೆಳು ಪೊರೆ ಇರುತ್ತದೆ. ತುಟಿಯ ಆಕಾರವೂ ಅದರ ಮೇಲಿನ ಸೂಕ್ಷ್ಮ ಒರಟೂ ಸೇರಿ ಆಚೆ ಹೊರಟ ಎಣ್ಣೆಯನ್ನು ಮತ್ತೆ ಒಳಕ್ಕೇ ತಳ್ಳುತ್ತಿರುತ್ತವೆ. ಹೊರಗಿನಿಂದ ಸುಮ್ಮನೆ ಕೂತಂತೆ ಕಾಣುವ ಈ ಉಂಗುರ ಒಳಗೊಳಗೇ ಪಂಪಿನ ಕೆಲಸ ಮಾಡುತ್ತಿದೆ ಎಂದು ಮೊದಲ ಸಲ ಓದಿದಾಗ ನನಗಾದ ಬೆರಗು ಇನ್ನೂ ಇಳಿದಿಲ್ಲ.

ಮುಂದಿನದರ ಜೊತೆಗೆ ಚಕ್ರದ ಕಡೆಯ ಡ್ರೈವ್ ಶಾಫ್ಟ್ ಸೀಲುಗಳು ಎರಡು, ಹಿಂದಿನ ಚಕ್ರ ಎಳೆಯುವ ಗಾಡಿಯಾದರೆ ಹಿಂಬದಿಯ ಸೀಲು ಒಂದು, ಗೇರ್ ಲಿವರಿನ ಸಣ್ಣ ಶಾಫ್ಟಿಗೆ ಒಂದು, ಎಣ್ಣೆ ತಣಿಸುವ ಕೂಲರಿನ ಪೈಪುಗಳಿಗೆ ಓ-ರಿಂಗು ಎಂಬ ರಬ್ಬರ್ ಬಳೆಗಳು, ಪಂಪಿನ ಹೊರಸುತ್ತಿನ ದೊಡ್ಡ ಓ-ರಿಂಗು, ಕೆಳಗಿನ ಪ್ಯಾನಿನ ಗ್ಯಾಸ್ಕೆಟ್ಟು. ಲಿವರ್ ಶಾಫ್ಟಿನ ಸೀಲನ್ನು ಎಷ್ಟೋ ಜನ ಮರೆಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಗೇರ್‌ಬಾಕ್ಸಿನದೇ ಅಲ್ಲ: ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲು. ಗೇರ್‌ಬಾಕ್ಸ್ ಇಳಿದಾಗ ಕನ್ವರ್ಟರನ್ನು ಎಂಜಿನ್ನಿಗೆ ಸೇರಿಸುವ ತಟ್ಟೆ, ಅಂದರೆ ಫ್ಲೆಕ್ಸ್‌ಪ್ಲೇಟ್, ತೆಗೆದರೆ ಅದು ಕೈಗೆ ಸಿಗುತ್ತದೆ. ಗೇರ್‌ಬಾಕ್ಸ್ ಏರಿದ ಮೇಲೆ ಅದಕ್ಕೂ ಅದೇ ಕೂಲಿ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಬೆಲ್ ಹೌಸಿಂಗಿನ ಕೆಳಗೆ ಹನಿ ಕಂಡರೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಬೇಕು. ಕೆಂಪಾಗಿದ್ದರೆ ಗೇರ್‌ಬಾಕ್ಸಿನದು, ಕಂದು-ಕಪ್ಪಾದರೆ ಎಂಜಿನ್ನಿನದು. ಗೇರ್‌ಬಾಕ್ಸಿನ ಎಣ್ಣೆಗೆ ಕೆಂಪು ಬಣ್ಣ ಹಾಕುವ ವಾಡಿಕೆ ಇಂಥ ಗುರುತಿಗಾಗಿಯೇ. ಹಳೆಯದಾದಾಗ ಅದೂ ಕಂದಾಗುತ್ತದೆ, ಆಗ ವಾಸನೆ, ಜಿಡ್ಡು ಎರಡನ್ನೂ ನೋಡಿಯೇ ಹೇಳಬೇಕು.

ಅಡ್ಯಾರಿನ ಸರ್ದಾರ್ ಪಟೇಲ್ ರಸ್ತೆಯಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. 1948ರಲ್ಲಿ ಶುರುವಾದದ್ದು. ಕಾರಿನ ಸೀಲಿಗೂ ಚರ್ಮಕ್ಕೂ ಏನು ಸಂಬಂಧ ಎನ್ನುತ್ತೀರಾ? ಈ ಸೀಲಿನ ತವರುಮನೆ ಚರ್ಮವೇ. ಜರ್ಮನಿಯ ವೈನ್‌ಹೈಮ್ ಊರಿನಲ್ಲಿ 1849ರಿಂದ ಚರ್ಮ ಹದಮಾಡುತ್ತಿದ್ದ ಫ್ರಾಯ್ಡೆನ್‌ಬರ್ಗ್ ಕಂಪನಿ ಮೊದಲು ಮಾಡಿದ್ದು ಚರ್ಮದ ಸೀಲುಗಳನ್ನೇ. 1930ರ ದಶಕದಲ್ಲಿ ಅಲ್ಲಿದ್ದ ಆಸ್ಟ್ರಿಯಾದ ಎಂಜಿನಿಯರ್ ವಾಲ್ಟರ್ ಸಿಮ್ಮರ್ ರೂಪಿಸಿದ ಸ್ಪ್ರಿಂಗುಳ್ಳ ಸೀಲು ಇಂದಿಗೂ ಜರ್ಮನಿಯಲ್ಲಿ ಸಿಮ್ಮರಿಂಗ್ ಎಂದು ಅವರ ಹೆಸರಲ್ಲೇ ನಡೆಯುತ್ತದೆ. ಆಮೇಲೆ ಎಣ್ಣೆಗೆ ಕರಗದ ಕೃತಕ ರಬ್ಬರ್ ಬಂತು, ತುಟಿ ಚರ್ಮದಿಂದ ರಬ್ಬರಿಗೆ ಬದಲಾಯಿತು. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ನೀಲ್ಸ್ ಕ್ರಿಸ್ಟೆನ್‌ಸನ್ ಅದೇ 1930ರ ದಶಕದಲ್ಲಿ ಓ-ರಿಂಗಿಗೆ ಪೇಟೆಂಟ್ ಕೇಳಿದರು. ಅದು 1939ರಲ್ಲಿ ಸಿಕ್ಕಿತು.

ಚರ್ಮದಿಂದ ರಬ್ಬರಿಗೆ ಆದ ಈ ಬದಲಾವಣೆಯನ್ನು ನಮ್ಮ ಹಳ್ಳಿಗಳೂ ಕಂಡಿವೆ. ಊರ ಬೋರ್‌ವೆಲ್ಲಿನ ಕೈಪಂಪು ಇಂಡಿಯಾ ಮಾರ್ಕ್-2 ಎಪ್ಪತ್ತರ ದಶಕದ ಕೊನೆಗೆ ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಅದರೊಳಗೆ ನೀರನ್ನು ಎತ್ತುತ್ತಿದ್ದದ್ದು ಚರ್ಮದ ವಾಷರ್. ಅದು ಸವೆದರೆ ಕೊಳವೆಗಳನ್ನೆಲ್ಲ ಮೇಲೆತ್ತಬೇಕು. ಸಾಮಾನು ಚಿಕ್ಕದು, ಶ್ರಮ ದೊಡ್ಡದು. 1983ರಿಂದ ಕೊಯಮತ್ತೂರಿನ ಸುತ್ತ ವರ್ಷಗಟ್ಟಲೆ ನಡೆದ ಪರೀಕ್ಷೆಯಲ್ಲಿ ಚರ್ಮದ ಜಾಗಕ್ಕೆ ನೈಟ್ರೈಲ್ ಎಂಬ ಕೃತಕ ರಬ್ಬರ್ ಹಾಕಿ ನೋಡಿದರು. ಅದು ಹೆಚ್ಚು ಕಾಲ ಬಾಳಿತು, ಪಂಪು ಬಿಚ್ಚುವ ಸರದಿ ಕಡಿಮೆಯಾಯಿತು. ದೂರದಿಂದ ನೀರು ಹೊರುವ ಹೆಣ್ಣುಮಕ್ಕಳ ಪಾಲಿಗೆ ಇದು ಸಣ್ಣ ಸುಧಾರಣೆಯಲ್ಲ. ಒಂದು ವಾಷರಿಗೆ ಇಷ್ಟು ತಲೆ ಕೆಡಿಸಿಕೊಂಡ ಎಂಜಿನಿಯರುಗಳ ಬಗ್ಗೆ ನನಗೆ ದೊಡ್ಡ ಗೌರವ.

ಕಾರಿನಲ್ಲಿ ನೈಟ್ರೈಲ್ ಎಲ್ಲ ಕಡೆಗೂ ಸಾಲದು. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಅದು ಬಹುಕಾಲ ನಿಂತರೆ ಗಡುಸಾಗುತ್ತದೆ. ಪಾಲಿಯಾಕ್ರಿಲೇಟ್ 150ರ ಆಸುಪಾಸಿನವರೆಗೂ ತಾಳುತ್ತದೆ. ಅಂಗಡಿಯವರು ವೈಟಾನ್ ಎನ್ನುವ ಫ್ಲೋರೊರಬ್ಬರ್ 200ರವರೆಗೂ ತಾಳುತ್ತದೆ. ಬಿಡುವಾದ ರಸ್ತೆಯಲ್ಲಿ ಗೇರ್‌ಬಾಕ್ಸಿನ ಎಣ್ಣೆ 80-90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೆಟ್ರೊ ಕಾಮಗಾರಿಗೆ ಅಗೆದ ನಮ್ಮ ಲ್ಯಾಟಿಸ್ ಬ್ರಿಡ್ಜ್ ರಸ್ತೆಯಲ್ಲಿ, ಮೇ ತಿಂಗಳ ಮಧ್ಯಾಹ್ನ, ಬ್ರೇಕಿನ ಮೇಲೆ ಕಾಲಿಟ್ಟು ತೆವಳುವಾಗ ಹಾಗಲ್ಲ. ಕನ್ವರ್ಟರಿನ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ಎಣ್ಣೆಯನ್ನು ಕಡೆಯುತ್ತಿರುತ್ತವೆ, ಕೂಲರಿಗೆ ಎದುರುಗಾಳಿಯಿಲ್ಲ. ಆ ಬಿಸಿಯನ್ನು ಮೊದಲು ಉಣ್ಣುವುದು ಮುಂದಿನ ಸೀಲು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನವೂ ನಿಲ್ಲುವವರಿಗೂ ಈ ಮಾತು ಅನ್ವಯ. ಆದ್ದರಿಂದ ಕಂಪನಿ ಯಾವ ಜಾತಿಯ ಸೀಲು ಹಾಕಿತ್ತೋ ಅದಕ್ಕಿಂತ ಕಡಿಮೆಯದನ್ನು ಹಾಕಿಸಬೇಡಿ. ಸೀಲಿನ ಮುಖದ ಮೇಲೆ ಸಾಮಾನ್ಯವಾಗಿ ಒಳವ್ಯಾಸ, ಹೊರವ್ಯಾಸ, ದಪ್ಪ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಅಳತೆ ಕೂಡಿದ ಮಾತ್ರಕ್ಕೆ ಜಾತಿ ಕೂಡಿತು ಎನ್ನಲಾಗದು. ವೈಟಾನ್ ಕಂದು, ನೈಟ್ರೈಲ್ ಕಪ್ಪು ಎಂದು ಬಣ್ಣ ನೋಡಿ ಹೇಳುವವರಿದ್ದಾರೆ, ರಬ್ಬರಿಗೆ ಯಾವ ಬಣ್ಣ ಬೇಕಾದರೂ ಹಾಕಬಹುದು. ಗಾಡಿಯ ಮಾದರಿ, ಗೇರ್‌ಬಾಕ್ಸಿನ ಮೇಲಿನ ಸಂಖ್ಯೆ ಕೊಟ್ಟು ಪಾರ್ಟ್ ನಂಬರಿನ ಪ್ರಕಾರ ತರಿಸುವುದೇ ನಿಶ್ಚಿಂತೆ.

ಹಾಕುವ ಬಗೆಯಲ್ಲೇ ಅರ್ಧ ಸೀಲುಗಳು ಹಾಳಾಗುತ್ತವೆ ಎಂದು ಹಳೆಯ ಮೆಕ್ಯಾನಿಕ್‌ಗಳು ಹೇಳುವುದುಂಟು. ಲೆಕ್ಕ ಬಿಡಿ, ಕಾಳಜಿ ನಿಜ. ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟುವಾಗ ಅಲ್ಯೂಮಿನಿಯಂ ಗೂಡಿಗೆ ಗೀರು ಬಿದ್ದರೆ ಹೊಸ ಸೀಲಿನ ಹೊರಸುತ್ತಿನಿಂದಲೇ ಎಣ್ಣೆ ಒಸರುತ್ತದೆ. ಗೂಡು ಒರೆಸಿ ಒಣಗಿಸಬೇಕು. ತುಟಿಯ ಸ್ಪ್ರಿಂಗಿರುವ ಮುಖ ಎಣ್ಣೆಯ ಕಡೆಗಿರಬೇಕು. ತುಟಿಗೆ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಯನ್ನೇ ಸವರಬೇಕು, ಇಲ್ಲವೇ ಪೆಟ್ರೋಲಿಯಂ ಜೆಲ್ಲಿ. ಅದು ಬಿಸಿಗೆ ಕರಗಿ ಎಣ್ಣೆಯಲ್ಲಿ ಬೆರೆತುಹೋಗುತ್ತದೆ. ಚಾಸಿಗೆ ಬಳಿಯುವ ಗಟ್ಟಿ ಗ್ರೀಸು ಕರಗದೆ ಒಳಗಿನ ಸಣ್ಣ ದಾರಿಗಳಿಗೆ ಅಡ್ಡ ಕೂರಬಹುದು. ಒಣ ತುಟಿಯಲ್ಲಿ ಎಂಜಿನ್ ಚಾಲೂ ಮಾಡಿದರೆ ಮೊದಲ ನಿಮಿಷದಲ್ಲೇ ತುಟಿ ಕಾಯುತ್ತದೆ. ಸೀಲಿನ ಹೊರವ್ಯಾಸಕ್ಕೆ ಸರಿಹೊಂದುವ ಚಪ್ಪಟೆ ಡ್ರೈವರನ್ನೋ ಕೊಳವೆಯ ತುಂಡನ್ನೋ ಇಟ್ಟು ಸುತ್ತಲೂ ಒಂದೇ ಸಮ ಒತ್ತಿ ಕೂರಿಸಬೇಕು. ಒಂದು ಬದಿಗೆ ಸುತ್ತಿಗೆ ಬಿದ್ದರೆ ಉಂಗುರ ಓರೆಯಾಗುತ್ತದೆ, ಓರೆಯಾದ ಉಂಗುರ ಇಂದಲ್ಲ ನಾಳೆ ಸೋರುತ್ತದೆ.

ಕನ್ವರ್ಟರಿನ ಕುತ್ತಿಗೆಯನ್ನು ಉಗುರಿನಿಂದ ಅಡ್ಡಲಾಗಿ ಗೀರಿ ನೋಡಿ. ಹಳೆಯ ತುಟಿ ಓಡಿದ ಜಾಗದಲ್ಲಿ ಉಗುರು ಸಿಕ್ಕಿಕೊಂಡರೆ ಅಲ್ಲಿ ಹಳ್ಳ ಬಿದ್ದಿದೆ. ಹೊಸ ಸೀಲಿನ ತುಟಿಯೂ ಅದೇ ಹಳ್ಳದಲ್ಲಿ ಕೂತರೆ ಉಪಯೋಗವಿಲ್ಲ. ಕುತ್ತಿಗೆಗೆ ಆಸರೆಯಾದ ಪಂಪಿನ ಬುಷ್ ಸವೆದು ಕುತ್ತಿಗೆ ಅಲ್ಲಾಡುತ್ತಿದ್ದರೂ ಅಷ್ಟೇ. ಬುಷ್ ದಾಟಿ ಬಂದ ಎಣ್ಣೆ ಸೀಲಿನ ಹಿಂದಿನ ಒಂದು ರಂಧ್ರದಿಂದ ಒಳಕ್ಕೆ ಮರಳುತ್ತದೆ. ಆ ರಂಧ್ರ ಕಟ್ಟಿದರೆ, ಇಲ್ಲವೇ ಗೇರ್‌ಬಾಕ್ಸ್ ಉಸಿರಾಡುವ ಬ್ರೀದರ್ ಕೊಳವೆ ಮುಚ್ಚಿದರೆ, ಒತ್ತಡ ಏರಿ ಎಣ್ಣೆ ಎಲ್ಲಿಂದಲಾದರೂ ದಾರಿ ಮಾಡಿಕೊಳ್ಳುತ್ತದೆ. ಇಂಥಲ್ಲಿ ಹೊಸ ಸೀಲು ಹಾಕಿ ಮತ್ತೆ ಸೋರಿತೆಂದು ಸೀಲನ್ನು ದೂರುವುದು ತಪ್ಪು.

ಗೇರ್‌ಬಾಕ್ಸ್ ಏರಿಸುವಾಗ ಕನ್ವರ್ಟರನ್ನು ಮೊದಲು ಅದರೊಳಗೆ ಪೂರ್ತಿ ಕೂರಿಸಬೇಕು. ಒಂದಿಷ್ಟು ಎಣ್ಣೆ ತುಂಬಿ, ತಿರುಗಿಸುತ್ತಾ ತಳ್ಳಿದರೆ ಅದು ಹಂತಹಂತವಾಗಿ ಒಳಕ್ಕೆ ಜಾರುತ್ತದೆ. ಒಳಶಾಫ್ಟಿಗೆ, ನಡುವಿನ ಆಸರೆ ಶಾಫ್ಟಿಗೆ, ಕೊನೆಗೆ ಪಂಪಿನ ಕಚ್ಚಿಗೆ. ಕೊನೆಯ ಹಂತ ಬರದೆಯೇ ಬಂತೆಂದುಕೊಂಡು ಬೋಲ್ಟ್ ಬಿಗಿದರೆ ಪಂಪು ಒಡೆಯುತ್ತದೆ, ಆಗತಾನೆ ಹಾಕಿದ ಸೀಲೂ ಹರಿಯುತ್ತದೆ. ಬೆಲ್ ಹೌಸಿಂಗ್ ಎಂಜಿನ್ನಿಗೆ ಬೋಲ್ಟಿಲ್ಲದೆಯೇ ತಾನಾಗಿ ಕೂಡಬೇಕು. ಕೂಡಿದ ಮೇಲೂ ಕನ್ವರ್ಟರಿಗೂ ಫ್ಲೆಕ್ಸ್‌ಪ್ಲೇಟಿಗೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಡಿಲ ಉಳಿಯುವುದು ಸಾಮಾನ್ಯ. ಆ ಸಡಿಲವೇ ಇಲ್ಲದಿದ್ದರೆ ನಿಲ್ಲಿಸಿ, ಇಳಿಸಿ, ಮತ್ತೆ ನೋಡಬೇಕು. ಸಂಜೆ ಆರಕ್ಕೆ ಗಾಡಿ ಬೇಕು ಎಂದು ಮಾಲೀಕ ಹತ್ತು ಸಲ ಫೋನ್ ಮಾಡಿದ ದಿನ ಈ ನೋಟ ತಪ್ಪಿಹೋಗುತ್ತದೆ. ದಯವಿಟ್ಟು ಆ ದಿನ ಫೋನ್ ಮಾಡಬೇಡಿ.

ಹೊರಗಿನ ಸೀಲುಗಳ ಮಾತಾಯಿತು. ಒಳಗೆ ಕ್ಲಚ್ ಪಿಸ್ಟನ್ನುಗಳಿಗೂ ಸೀಲುಗಳಿವೆ. ಅವನ್ನು ಬದಲಿಸಬೇಕಾದರೆ ಗೇರ್‌ಬಾಕ್ಸನ್ನೇ ಬಿಚ್ಚಬೇಕು, ಅದು ಆ ಕೆಲಸ ಬಲ್ಲವರದು. ಅವು ಗಡುಸಾಗಿದ್ದರೆ ಗುರುತು ಸಿಗುತ್ತದೆ. ಬೆಳಗ್ಗೆ ತಣ್ಣಗಿರುವಾಗ ‘ಡಿ’ಗೆ ಹಾಕಿದರೆ ಗಾಡಿ ಒಂದೆರಡು ಕ್ಷಣ ಯೋಚಿಸಿದಂತೆ ನಿಂತು ಆಮೇಲೆ ಹಿಡಿಯುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಹಳೆಯ ಗೇರ್‌ಬಾಕ್ಸ್ ಕೊಳ್ಳುವವರು, ಅದು ಇನ್ನೂ ಕಾರಿನಲ್ಲೇ ಇದ್ದರೆ, ತಣ್ಣಗಿರುವಾಗಲೇ ಓಡಿಸಿ ನೋಡುವುದು ಒಳ್ಳೆಯದು. ಸೀಲು ಬದಲಿಸುವ ಗೋಜಿಲ್ಲವೆಂದು ಬಾಟಲಿಯಲ್ಲಿ ಮಾರುವ, ಸೋರಿಕೆ ನಿಲ್ಲಿಸುವ ದ್ರವಗಳು ರಬ್ಬರನ್ನು ಉಬ್ಬಿಸಿ ಮೆದುಗೊಳಿಸುತ್ತವೆ. ಕೆಲವು ದಿನ ಹನಿ ನಿಲ್ಲಬಹುದು. ಕೆಳಗಿಳಿದಿರುವ ಗೇರ್‌ಬಾಕ್ಸಿಗೆ ಅದನ್ನು ನಂಬಿಕೊಳ್ಳುವುದರಲ್ಲಿ ನನಗಂತೂ ಅರ್ಥ ಕಾಣದು.

ಚೆನ್ನೈನವನಾಗಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. 2015ರ ಡಿಸೆಂಬರ್ 1 ಮತ್ತು 2ರಂದು ಚೆಂಬರಂಬಾಕ್ಕಂ ಕೆರೆಯಿಂದ ಸುಮಾರು 29,000 ಕ್ಯುಸೆಕ್ ನೀರು ಬಿಟ್ಟಾಗ ಅಡ್ಯಾರ್ ನದಿ ಸೈದಾಪೇಟೆ, ಕೊಟ್ಟೂರುಪುರಂಗಳ ಮನೆಗಳಿಗೆ ನುಗ್ಗಿತು. ಜನ ಸತ್ತರು, ಬದುಕುಗಳು ಕೊಚ್ಚಿಹೋದವು. ಅದರ ಮುಂದೆ ಕಾರು ಯಾವ ಲೆಕ್ಕ? ಆದರೂ ಮುಳುಗಿದ ಕಾರುಗಳ ಭಾಗಗಳು ಆಮೇಲೆ ಮಾರುಕಟ್ಟೆಗೆ ಬರುವುದು ಸಹಜ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಲಚೇರಿಯ ಜನ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದ್ದು ಹಿಂದಿನದು ಕಲಿಸಿದ ಪಾಠದಿಂದ. ನೀರಲ್ಲಿ ನಿಂತ ಗೇರ್‌ಬಾಕ್ಸಿನೊಳಗೆ ಬ್ರೀದರ್ ಮೂಲಕ ನೀರು ಇಳಿಯುತ್ತದೆ. ಎಣ್ಣೆ ಗುಲಾಬಿ ಬಣ್ಣದ ಹಾಲಿನಂತಾಗುತ್ತದೆ. ಕ್ಲಚ್ ತಟ್ಟೆಗಳ ಮೇಲಿನ ಕಾಗದದಂಥ ಹೊದಿಕೆ ನೀರು ಹೀರಿ, ಅಂಟು ಬಿಟ್ಟು, ಕಳಚಿಕೊಳ್ಳುತ್ತದೆ. ಅಂಥದ್ದಕ್ಕೆ ಹೊಸ ಸೀಲು ಹಾಕಿದರೆ ದುಡ್ಡು ದಂಡ. ಕೊಳ್ಳುವ ಮುನ್ನ ಪ್ಯಾನ್ ಇಳಿಸಿ ನೋಡಲು ಬಿಡದ ಅಂಗಡಿಯಲ್ಲಿ ವ್ಯಾಪಾರ ಮಾಡಬೇಡಿ.

ಕೊನೆಗೆ ಹಣದ ಮಾತಿಗೇ ಬರುತ್ತೇನೆ. ಗೇರ್‌ಬಾಕ್ಸ್ ಕೆಳಗಿರುವ ಹೊತ್ತಿನಲ್ಲಿ ಮಾಲೀಕರು ಆಫೀಸಿನಲ್ಲಿರುತ್ತಾರೆ. ಕೇಳದೆ ಹಾಕಿದರೆ ಬಿಲ್ಲಿನಲ್ಲಿ ಜಗಳ ಬರುತ್ತದೆ ಎಂದು ಒಳ್ಳೆಯ ಮೆಕ್ಯಾನಿಕ್ ಕೂಡ ಸುಮ್ಮನಾಗುತ್ತಾರೆ. ಅದಕ್ಕೆ ಗಾಡಿ ಬಿಡುವ ದಿನವೇ ಹೇಳಿಬಿಡಿ: ಮುಂದಿನ ಸೀಲು, ಡ್ರೈವ್ ಶಾಫ್ಟ್ ಸೀಲು, ಲಿವರ್ ಸೀಲು, ಎಂಜಿನ್ ಹಿಂದಿನ ಸೀಲು, ಕೂಲರ್ ಓ-ರಿಂಗು, ಪ್ಯಾನ್ ಗ್ಯಾಸ್ಕೆಟ್ಟು, ಇವಿಷ್ಟಕ್ಕೆ ನನ್ನ ಒಪ್ಪಿಗೆ ಇದೆ, ಕೂರಿಸುವ ಕೆಲಸಕ್ಕೆ ಬೇರೆ ಕೂಲಿ ಕೊಡುತ್ತೇನೆ, ಹಳೆಯವನ್ನು ಎತ್ತಿಡಿ. ಆ ಹಳೆಯ ಸೀಲಿನ ತುಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಬದಲಿಸಿದ್ದು ಯಾಕೆಂದು ಬೆರಳಿಗೇ ತಿಳಿಯುತ್ತದೆ.

ಗಾಡಿ ಮನೆಗೆ ಬಂದ ರಾತ್ರಿ ಕೆಳಗೊಂದು ರಟ್ಟು ಹಾಸಿ. ಮರುದಿನ ಅದರ ಮೇಲೆ ಹನಿಯಿಲ್ಲದಿದ್ದರೂ ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ ಹಾಸಿ ನೋಡಿ. ಎಣ್ಣೆಯ ಮಟ್ಟವನ್ನು ಆ ಗಾಡಿಯ ಕೈಪಿಡಿ ಹೇಳುವ ಬಿಸಿಯಲ್ಲೇ ನೋಡಿಸಬೇಕು. ಈಗಿನ ಎಷ್ಟೋ ಗೇರ್‌ಬಾಕ್ಸುಗಳಿಗೆ ಡಿಪ್‌ಸ್ಟಿಕ್ ಇರುವುದಿಲ್ಲ. ಎಂಜಿನ್ ಓಡುತ್ತಿರುವಾಗ, ನಿಗದಿಯಾದ ಉಷ್ಣತೆಯಲ್ಲಿ, ಮಟ್ಟದ ಪ್ಲಗ್ ಬಿಚ್ಚಿ ನೋಡುವ ಕ್ರಮ. ಅದನ್ನು ಆ ಉಷ್ಣತೆ ತೋರಿಸುವ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲೇ ಮಾಡಿಸಿ.